ಮಹಿಷಿ ವರದಿ, ಬೊಂಬಾಯಿ ಹೋಟ್ಲು, ನಮ್ಮ ಮಕ್ಕಳ ಇಂಟರ್ವ್ಯೂ

ಪತ್ರೊಡೆಗೆ ಅಕ್ಕಿ ಎಷ್ಟು, ಹುಳಿ ಎಷ್ಟು ಅಂತ ಕೇಳಿದವರಿಗೆ ಮುಂದಿನ ಸಲ ಬರೀತೇನೆ, ಆಯ್ತಾ. ಈ ಸಲ ಬೇರೆ ವಿಷಯ ಉಂಟು. ಒಲೆ ಮೇಲೆ ಎಂತಾದ್ರೂ ಇಟ್ಟಿದ್ರೆ ಉರಿ ಸಣ್ಣ ಮಾಡಿ ಬನ್ನಿ, ಸ್ವಲ್ಪ ಉದ್ದ ಉಂಟು.

ನಮ್ಮ ಸಂಘದ ಮೀಟಿಂಗಿನಲ್ಲಿ ಒಬ್ರು ಅಕ್ಕ ಕೇಳಿದ್ರು, "ಬೆಂಗ್ಳೂರು ನಮ್ಮದೇ ರಾಜ್ಯದ ಊರಲ್ವಾ? ಅಲ್ಲಿಯ ಕಂಪೆನಿಯಲ್ಲಿ ಕನ್ನಡದ ಮಕ್ಕಳಿಗೆ ಕೆಲ್ಸ ಕೊಡುದಿಲ್ಲ ಅಂತ ಹೇಳುದು ಸತ್ಯವಾ, ಸುಮ್ಮನೆ ಗಲಾಟೆಯಾ?" ಅಂತ. ಕೂಡ್ಲೆ ಇಬ್ರು ಹೌದು ಅಂದ್ರು, ಇಬ್ರು ಇಲ್ಲ ಅಂದ್ರು, ಸಾಲದ ಕಂತು ಲೆಕ್ಕ ಮಾಡುದು ಅರ್ಧಕ್ಕೇ ನಿಂತಿತು. ನನಗೆ ಗೊತ್ತಿದ್ದಷ್ಟು ಇಲ್ಲಿ ಬರೀತೇನೆ. ಇದು ಸಾಫ್ಟ್‌ವೇರ್ ಬಂದ ಮೇಲೆ ಹುಟ್ಟಿದ ಜಗಳ ಅಂತ ಸುಮಾರು ಜನ ತಿಳ್ಕೊಂಡಿದ್ದಾರೆ. ಅಲ್ಲ. ಸಾಫ್ಟ್‌ವೇರಿಗಿಂತ ಎಷ್ಟೋ ಹಳೇದು.

ಮೊದಲಿಗೆ ಕೋಲಾರದ ಚಿನ್ನದ ಗಣಿ. 1880ರ ನಂತರ ಜಾನ್ ಟೇಲರ್ ಕಂಪೆನಿಯವರು ಅಲ್ಲಿ ದೊಡ್ಡ ಮಟ್ಟದಲ್ಲಿ ಅಗೆಯಲಿಕ್ಕೆ ಶುರು ಮಾಡಿದಾಗ ಕೂಲಿಗೆ ಬಂದವರು ಹೆಚ್ಚಿನವರು ಮದ್ರಾಸ್ ಪ್ರಾಂತ್ಯದ ತಮಿಳಿನವರು. ಭೂಮಿಯ ಅಡಿಗೆ ಇಳಿದು ಜೀವ ಪಣಕ್ಕಿಡುವ ಕೆಲ್ಸ ಅದು, ಬಡವರೇ ಬಂದದ್ದು. ಗಣಿ ಮೈಸೂರು ರಾಜ್ಯದ ಮಣ್ಣಿನಲ್ಲಿ, ಕಂಪೆನಿ ಇಂಗ್ಲೀಷಿನವರದ್ದು, ಕೂಲಿಯವರು ತಮಿಳಿನವರು. ಬೆಂಗ್ಳೂರಿನಲ್ಲಿಯೂ ದಂಡು ಪ್ರದೇಶ, ಅಂದ್ರೆ ಕಂಟೋನ್ಮೆಂಟು, ಬ್ರಿಟಿಷರದ್ದೇ ಆಡಳಿತ. ಅದು ಮೈಸೂರು ಸರ್ಕಾರದ ಕೈಗೆ ವಾಪಸ್ ಬಂದದ್ದು 1947ರಲ್ಲಿ. ಅಲ್ಲಿಯೂ ಬೀದಿಯ ಭಾಷೆ ತಮಿಳು, ಆಫೀಸಿನ ಭಾಷೆ ಇಂಗ್ಲೀಷು. ಪೇಟೆ ಕಡೆ, ಚಿಕ್ಕಪೇಟೆ ಬಳೇಪೇಟೆ ಕಡೆ, ಕನ್ನಡ ತೆಲುಗು ಉರ್ದು. ಒಂದು ಊರು ಅಂತ ಹೆಸರು, ಒಳಗೆ ಎರಡು ಊರು.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ವಿಮಾನದ ಕಾರ್ಖಾನೆ ಶುರು ಮಾಡಿದ್ರು. ಅದೇ ಈಗಿನ ಎಚ್‌ಎಎಲ್. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಐಟಿಐ (ಮನೆಮನೆಗೆ ಕಪ್ಪು ಟೆಲಿಫೋನು ಮಾಡಿ ಕೊಟ್ಟವರು), 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಬಂತು. ನಮ್ಮಪ್ಪನ ಕಾಲದಲ್ಲಿ ಕೈಯಲ್ಲಿ ಎಚ್‌ಎಂಟಿ ವಾಚು ಇದ್ರೆ ಮದುವೆಗೆ ಹೆಣ್ಣು ಕೊಡ್ತಿದ್ರು, ಅಷ್ಟು ಮರ್ಯಾದೆ. ಆ ಕಾರ್ಖಾನೆಯಲ್ಲಿ ಕೆಲ್ಸ ಸಿಕ್ಕಿದ್ರೆ ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಬಸ್ಸು, ಎಲ್ಲ ಉಂಟು. ಆಗಿನ ಕಾಲದ ಐಟಿ ಕೆಲ್ಸ ಅಂದ್ರೆ ಅದೇ.

ಜಾಗ, ನೀರು, ಕರೆಂಟು ಎಲ್ಲ ನಾವು ಕೊಟ್ಟದ್ದು, ಆದ್ರೆ ಕೆಲ್ಸಕ್ಕೆ ಯಾರನ್ನು ತೆಗೆಯುದು ಅಂತ ನಿರ್ಧಾರ ಮಾಡುದು ಕೇಂದ್ರದ ಅಧಿಕಾರಿಗಳು. ಮೊದಲು ಸೇರಿದವರು ತಮ್ಮ ಕಡೆಯವರನ್ನು ಕರೀತಾರೆ. ಅದರಲ್ಲಿ ಕೆಟ್ಟ ಬುದ್ಧಿ ಅಂತ ಹೇಳ್ಲಿಕ್ಕೂ ಆಗುದಿಲ್ಲ, ನಾವೂ ಹಾಗೇ ಮಾಡುದು. ಮೇಸ್ತ್ರಿ ತನ್ನ ಭಾವನ ಮಗನನ್ನು ಕರ್ಕೊಂಡು ಬರ್ತಾನೆ, ಅವನು ಅವನ ಗೆಳೆಯನನ್ನು. ಇಪ್ಪತ್ತು ವರ್ಷ ಹೀಗೆ ಹೋದ್ರೆ ಒಂದು ಶೆಡ್ಡಿನಲ್ಲಿ ಒಂದೇ ಭಾಷೆ ಆಗ್ತದೆ, ಹೊರಗಿನಿಂದ ಬಂದ ಹುಡುಗ ಆ ಊರಿನವನೇ ಆದ್ರೂ ಹೊರಗಿನವನೇ. 1960ರ ಆಸುಪಾಸಿಗೆ ಅನಕೃ, ಮ. ರಾಮಮೂರ್ತಿ ಇವರೆಲ್ಲ ಬೆಂಗ್ಳೂರಿನಲ್ಲಿ ಕನ್ನಡಕ್ಕೆ ಜಾಗ ಇಲ್ಲ ಅಂತ ಹೋರಾಟ ಶುರು ಮಾಡಿದ್ದು ಈ ಸಂಕಟಕ್ಕೇ. ಹಳದಿ ಕೆಂಪು ಬಾವುಟ ರಾಮಮೂರ್ತಿಯವರು ಮಾಡಿದ್ದು, ಅದು ನಿಮಗೆ ಗೊತ್ತಿರಬಹುದು.

ನಮ್ಮ ವಯಸ್ಸಿನವರಿಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡು ನೆನಪುಂಟಾ? ಪಿಯುಸಿ ಮುಗಿದ ಕೂಡ್ಲೆ ಮಂಗ್ಳೂರಿಗೆ ಹೋಗಿ ಹೆಸರು ಬರೆಸುದು (ಆಗ ಉಡುಪಿ ಜಿಲ್ಲೆ ಆಗಿರ್ಲಿಲ್ಲ, ಅದು ಆದದ್ದು 1997ರಲ್ಲಿ), ಮತ್ತೆ ಮರೀದೆ ರಿನೀವಲ್ ಮಾಡುದು. ನನ್ನ ಕಾರ್ಡು ಸುಮಾರು ಸಲ ರಿನೀವಲ್ ಆಯ್ತು, ಒಂದು ಕಾಗದ ಬರ್ಲಿಲ್ಲ. ಅದರ ಹಿಂದೆ ಇದ್ದ ಕಾನೂನು 1959ರದ್ದು. ಕಂಪೆನಿಯವರು ಕೆಲ್ಸ ಖಾಲಿ ಉಂಟು ಅಂತ ಎಕ್ಸ್‌ಚೇಂಜಿಗೆ ತಿಳಿಸ್ಬೇಕಿತ್ತು, ಅಷ್ಟೇ. ಅಲ್ಲಿಂದ ಕಳಿಸಿದವರನ್ನೇ ತೆಗೀಬೇಕು ಅಂತ ಇರ್ಲಿಲ್ಲ. ಮದುವೆಗೆ ಕಾಗದ ಕೊಟ್ಟ ಹಾಗೆ, ಕರೆದದ್ದು ಹೌದು, ಊಟಕ್ಕೆ ಕೂರಿಸ್ತೇವೆ ಅಂತ ಹೇಳ್ಲಿಲ್ಲ.

1982ರಲ್ಲಿ ಗೋಕಾಕ್ ಚಳವಳಿ ಆಯ್ತು. ಡಾ. ರಾಜ್‌ಕುಮಾರ್ ಊರೂರು ತಿರುಗಿದ್ದು ಎಲ್ಲರಿಗೂ ಗೊತ್ತು. ಅದು ಶಾಲೆಯಲ್ಲಿ ಕನ್ನಡ ಮೊದಲ ಭಾಷೆ ಆಗ್ಬೇಕು ಅಂತ. ಆದ್ರೆ ಜನ ಬೀದಿಗೆ ಬಂದ ಮೇಲೆ ಇನ್ನೊಂದು ಪ್ರಶ್ನೆ ತನ್ನಿಂತಾನೇ ಎದ್ದಿತು. ಕನ್ನಡ ಕಲಿತು ಎಂತ ಮಾಡುದು, ಕೆಲ್ಸ ಎಲ್ಲಿ ಉಂಟು? 1983ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಆದ್ರು. ಆ ವರ್ಷವೇ ಒಂದು ಸಮಿತಿ ಮಾಡಿದ್ರು, ಅದಕ್ಕೆ ಅಧ್ಯಕ್ಷರು ಸರೋಜಿನಿ ಮಹಿಷಿ.

ಇವರ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ಬೇಕು. "ಮಹಿಷಿ ವರದಿ, ಮಹಿಷಿ ವರದಿ" ಅಂತ ನವೆಂಬರ್ ಒಂದಕ್ಕೆ ಎಲ್ಲ ಭಾಷಣದಲ್ಲಿ ಕೇಳ್ತೇವೆ, ಆ ಮಹಿಷಿ ಒಬ್ರು ಹೆಂಗಸು ಅಂತ ನಮ್ಮ ಮಕ್ಕಳಿಗೆ ಗೊತ್ತೇ ಇಲ್ಲ. ಧಾರವಾಡ ಕಡೆಯವರು, 1927ರಲ್ಲಿ ಹುಟ್ಟಿದ್ದು. ಸಂಸ್ಕೃತ ಓದಿದವರು, ಕಾನೂನು ಓದಿದವರು. 1962ರಲ್ಲಿ ಧಾರವಾಡದಿಂದ ಲೋಕಸಭೆಗೆ ಗೆದ್ದರು, ಕರ್ನಾಟಕದಿಂದ ಹೋದ ಮೊದಲ ಮಹಿಳಾ ಎಂಪಿ. ಒಂದಲ್ಲ, ನಾಲ್ಕು ಸಲ ಗೆದ್ದರು. ಇಂದಿರಾ ಗಾಂಧಿಯವರ ಸರ್ಕಾರದಲ್ಲಿ ಮಂತ್ರಿ ಆದ್ರು. ಡಿವಿಜಿಯವರ ಮಂಕುತಿಮ್ಮನ ಕಗ್ಗವನ್ನು ಹಿಂದಿಗೆ ಮಾಡಿದ್ದೂ ಇವರೇ. ಹಿಂದಿ ಗೊತ್ತಿದ್ದವರು, ಡೆಲ್ಲಿಯಲ್ಲಿ ಬದುಕಿದವರು, ಬೇರೆ ಭಾಷೆಯ ಮೇಲೆ ದ್ವೇಷ ಇಟ್ಟುಕೊಂಡವರಲ್ಲ. ಅಂಥವರು ಕೂತು ಲೆಕ್ಕ ತೆಗೆದು, ಇಲ್ಲಿಯವರಿಗೆ ಅನ್ಯಾಯ ಆಗ್ತಾ ಉಂಟು ಅಂತ ಬರೆದ್ರು. ಸಮಿತಿಯಲ್ಲಿ ನಮ್ಮ ಮೊಗೇರಿಯ ಗೋಪಾಲಕೃಷ್ಣ ಅಡಿಗರೂ ಇದ್ದರು.

ಮಧ್ಯಂತರ ವರದಿ 1984ರಲ್ಲಿ ಕೊಟ್ಟರು, ಕೊನೆಯ ವರದಿ 1986ರ ಡಿಸೆಂಬರಿನಲ್ಲಿ. ಒಟ್ಟು 58 ಶಿಫಾರಸು. ರಾಜ್ಯದ ಸಾರ್ವಜನಿಕ ಉದ್ಯಮದಲ್ಲಿ ಎಲ್ಲ ಕೆಲ್ಸ ಕನ್ನಡಿಗರಿಗೆ. ಕರ್ನಾಟಕದಲ್ಲಿರುವ ಕೇಂದ್ರದ ಕಾರ್ಖಾನೆ, ಕಚೇರಿಯಲ್ಲಿ ಸಿ ಮತ್ತು ಡಿ ದರ್ಜೆಯ ಕೆಲ್ಸ ನೂರಕ್ಕೆ ನೂರು, ಬಿ ದರ್ಜೆ ನೂರಕ್ಕೆ 80, ಎ ದರ್ಜೆ ನೂರಕ್ಕೆ 65. ಖಾಸಗಿಯವರೂ ತೀರಾ ಮೇಲಿನ, ವಿಶೇಷ ಪರಿಣತಿಯ ಕೆಲ್ಸ ಬಿಟ್ಟು ಬಾಕಿ ಇಲ್ಲಿಯವರಿಗೆ ಕೊಡ್ಬೇಕು. ಕನ್ನಡಿಗ ಅಂದ್ರೆ ಯಾರು? ಇಲ್ಲಿ 15 ವರ್ಷ ವಾಸ ಮಾಡಿದವರು, ಕನ್ನಡ ಓದ್ಲಿಕ್ಕೆ ಬರೀಲಿಕ್ಕೆ ಬರುವವರು. ನೋಡಿ, ಜಾತಿ ಕೇಳ್ಲಿಲ್ಲ, ಮನೆಮಾತು ಕೇಳ್ಲಿಲ್ಲ. ಆ ಲೆಕ್ಕದಲ್ಲಿ ತುಳು ಮಾತಾಡುವ ನಾವೂ ಕನ್ನಡಿಗರು, ಕೊಂಕಣಿಯ ಬಾಯಮ್ಮನೂ ಕನ್ನಡಿಗರು, ಬ್ಯಾರಿ ಮಾತಾಡುವವರೂ ಕನ್ನಡಿಗರು. ಹದಿನೈದು ವರ್ಷ ಇದ್ದು ಕನ್ನಡ ಕಲಿತ ತಮಿಳಿನವರೂ ಕನ್ನಡಿಗರೇ. ನನಗೆ ಆ ವರದಿಯಲ್ಲಿ ಹೆಚ್ಚು ಇಷ್ಟ ಆದದ್ದು ಇದು. ಭಾಷಣ ಮಾಡುವವರು ಇದನ್ನು ಯಾಕೆ ಹೇಳುದಿಲ್ಲ ಅಂತ ನನಗೆ ಗೊತ್ತಿಲ್ಲ.

58ರಲ್ಲಿ 45ನ್ನು ಸರ್ಕಾರ ಒಪ್ಪಿತು. ಒಪ್ಪುದು ಬೇರೆ, ಮಾಡಿಸುದು ಬೇರೆ. ಕೇಂದ್ರದ ಕಾರ್ಖಾನೆಗೆ ರಾಜ್ಯ ಸರ್ಕಾರ ಆರ್ಡರ್ ಹಾಕ್ಲಿಕ್ಕೆ ಆಗುದಿಲ್ಲ. ಖಾಸಗಿಯವರಿಗೆ ಕಾನೂನು ಇಲ್ಲ, ಬರೀ ವಿನಂತಿ. ಮಹಿಷಿಯವರು 2015ರ ಜನವರಿಯಲ್ಲಿ ತೀರಿಕೊಂಡ್ರು. ವರದಿ ಕೊಟ್ಟು 28 ವರ್ಷ ಆಗಿತ್ತು. 2017ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದವರು ಅದನ್ನು ಪರಿಷ್ಕರಣೆ ಮಾಡಿ ಪುನಃ ಸರ್ಕಾರಕ್ಕೆ ಕೊಟ್ಟರು.

ಈಗ ಸಾಫ್ಟ್‌ವೇರಿಗೆ ಬರ್ತೇನೆ. ಕಿಯೋನಿಕ್ಸ್ ಅಂತ ಸರ್ಕಾರದ ಕಂಪೆನಿ 1976ರಲ್ಲಿ ಆಯ್ತು. ಅದರ ಮೊದಲ ಅಧ್ಯಕ್ಷರು ಆರ್.ಕೆ. ಬಾಳಿಗ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಊರಿನ 332 ಎಕ್ರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಮಾಡ್ಬೇಕು ಅಂತ ಹೊರಟದ್ದು ಅವರೇ. ಆಗ ಜನ ನಗಾಡಿರಬೇಕು, ಅಷ್ಟು ದೂರ ಯಾರು ಹೋಗ್ತಾರೆ ಅಂತ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗ್ಳೂರಿಗೆ ಬಂತು, ಅಂದ್ರೆ ಮಹಿಷಿ ಸಮಿತಿ ಆದ ವರ್ಷವೇ. 1985ರಲ್ಲಿ ಅಮೇರಿಕದ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಬಂತು. ಮಹಿಷಿಯವರು ಲೇತ್ ಮೆಶಿನು, ಕ್ರೇನು, ಕ್ಲಾರ್ಕು, ಪ್ಯೂನು ಲೆಕ್ಕ ಹಾಕ್ತಾ ಇದ್ದಾಗಲೇ ಆ ಕಡೆ ಬೇರೆಯೇ ಒಂದು ಕೆಲ್ಸ ಹುಟ್ಟಿತ್ತು. ಎ, ಬಿ, ಸಿ, ಡಿ ದರ್ಜೆ ಅಂತ ಅಲ್ಲಿ ಇಲ್ಲವೇ ಇಲ್ಲ.

ಮತ್ತೆ ಒಂದು ವಿಷಯ ನೋಡಿ, ಪ್ರತಿ ಸಲ ಕಾನೂನು ಬರುವಾಗ ಸಾಫ್ಟ್‌ವೇರನ್ನು ಹೊರಗೆ ಇಡ್ತಾರೆ. ಕಾರ್ಖಾನೆಯಲ್ಲಿ ಕೆಲ್ಸದ ನಿಯಮ ಎಂತ ಅಂತ ಹೇಳುವ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾನೂನಿನಿಂದ ಐಟಿಯವರಿಗೆ ವಿನಾಯಿತಿ ಇತ್ತು, ಅವಧಿ ಮುಗಿದಾಗ ಪುನಃ ವಿನಾಯಿತಿ ಕೊಡ್ತಿದ್ರು. 2016ರ ಕೊನೆಗೆ ಕಾರ್ಮಿಕ ಇಲಾಖೆ ಖಾಸಗಿ ಕಾರ್ಖಾನೆಯ ಕೆಳಗಿನ ಕೆಲ್ಸ ಎಲ್ಲ ಕನ್ನಡಿಗರಿಗೆ ಅಂತ ಕರಡು ಮಾಡಿತು, ಅದರಲ್ಲಿಯೂ ಐಟಿ ಬಿಟಿ ಹೊರಗೆ. ಕೈಗಾರಿಕಾ ನೀತಿಯಲ್ಲಿ, 2020ರಿಂದ 25ರದ್ದರಲ್ಲಿ, ಸರ್ಕಾರದ ಸೌಲಭ್ಯ ತೆಗೊಂಡವರು ಒಟ್ಟು ಕೆಲ್ಸದಲ್ಲಿ ನೂರಕ್ಕೆ 70, ಡಿ ದರ್ಜೆಯಲ್ಲಿ ನೂರಕ್ಕೆ ನೂರು ಕನ್ನಡಿಗರಿಗೆ ಕೊಡ್ಬೇಕು ಅಂತ ಇತ್ತು. ಡಿ ದರ್ಜೆ ಅಂದ್ರೆ ಗುಡಿಸುವವರು, ಗೇಟು ಕಾಯುವವರು. ಗಾಜಿನ ಕಟ್ಟಡದ ಹೊರಗೆ ನಿಲ್ಲುವವರು ಕನ್ನಡದವರು ಆಗ್ಲಿ ಅಂತ ಹಠ ಹಿಡಿದು, ಒಳಗೆ ಕೂರುವವರ ಬಗ್ಗೆ ಕೇಳದೆ ಇದ್ರೆ ಅದು ಎಂಥ ಅಭಿಮಾನ ಮಾರಾಯ್ರೆ!

ಒಳಗೆ ಹೇಗೆ ಆರಿಸ್ತಾರೆ? "ಕನ್ನಡದವರು ಬೇಡ" ಅಂತ ಯಾರೂ ಬರೆದು ಹಾಕುದಿಲ್ಲ. ಸುಧಾ ಮೂರ್ತಿಯವರ ಕಥೆ ನಿಮಗೆಲ್ಲ ಗೊತ್ತುಂಟು. 1974ರಲ್ಲಿ ಟೆಲ್ಕೊ ಕಂಪೆನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕ್ಬಾರ್ದು ಅಂತ ಇತ್ತು, ಅದನ್ನು ನೋಡಿ ಅವರು ಜೆ.ಆರ್.ಡಿ. ಟಾಟಾರಿಗೇ ಪೋಸ್ಟ್ ಕಾರ್ಡು ಬರೆದು, ಇಂಟರ್ವ್ಯೂಗೆ ಹೋಗಿ, ಅಲ್ಲಿಯ ಮೊದಲ ಹೆಣ್ಣು ಇಂಜಿನಿಯರ್ ಆದ್ರು. ಅವರಿಗೆ ಕಾರ್ಡು ಬರೀಲಿಕ್ಕೆ ಆದದ್ದು ಯಾಕೆ? ಅನ್ಯಾಯ ಅಚ್ಚಾಗಿ ನೋಟಿಸ್ ಬೋರ್ಡಿನಲ್ಲಿ ಇತ್ತು. ಅಚ್ಚಾಗದ ಅನ್ಯಾಯಕ್ಕೆ ಯಾರಿಗೆ ಕಾರ್ಡು ಬರೀವುದು?

ಕಂಪೆನಿಯವರು ಎಲ್ಲ ಕಾಲೇಜಿಗೆ ಬರುದಿಲ್ಲ. ದೊಡ್ಡ ಹೆಸರಿನ ಕಾಲೇಜಿಗೆ ಹೋಗಿ ಅಲ್ಲಿಯೇ ಮಕ್ಕಳನ್ನು ಆರಿಸಿ ಹೋಗ್ತಾರೆ. ಆ ಕಾಲೇಜುಗಳಲ್ಲಿ ದೇಶದ ಎಲ್ಲ ಕಡೆಯ ಮಕ್ಕಳು. ನಮ್ಮ ಮಣಿಪಾಲ, ಸುರತ್ಕಲ್ ನೋಡಿದ್ರೆ ಸಾಕು, ಕಾಲೇಜು ನಮ್ಮ ಊರಿನದ್ದು, ಬಸ್ಸಿನಲ್ಲಿ ಕೇಳುದು ಹಿಂದಿ. ಎರಡನೇದು ರೆಫರೆನ್ಸು. ಒಳಗಿದ್ದವರು ಹೆಸರು ಕೊಟ್ಟರೆ ಬೇಗ ಕರೀತಾರೆ, ಹೆಸರು ಕೊಟ್ಟವರಿಗೂ ಹಣ ಉಂಟಂತೆ. ಅದು ಆ ಕಾಲದ ಮೇಸ್ತ್ರಿ ಭಾವನ ಮಗನನ್ನು ತಂದ ಹಾಗೆಯೇ, ಹೆಸರು ಮಾತ್ರ ಬೇರೆ. ಮೂರನೇದು "ಕಮ್ಯುನಿಕೇಶನ್". ಅಂದ್ರೆ ಇಂಗ್ಲೀಷು ಬಂದ್ರೆ ಸಾಲದು, ಇಂಗ್ಲೀಷು ಹೇಗೆ ಬರ್ಬೇಕೋ ಹಾಗೆಯೇ ಬರ್ಬೇಕು. 2000ದ ನಂತರ ಬಿಪಿಒ, ಕಾಲ್ ಸೆಂಟರ್ ಅಂತ ಬಂದಾಗ ಎಂಟಿಐ ಅಂತ ಒಂದು ಶಬ್ದ ಮಕ್ಕಳು ಕಲಿತ್ರು. ಮದರ್ ಟಂಗ್ ಇನ್‌ಫ್ಲುಯೆನ್ಸ್ ಅಂತೆ. ಮಾತಿನಲ್ಲಿ ಅಮ್ಮನ ಭಾಷೆಯ ವಾಸನೆ ಬಂದ್ರೆ ಮಾರ್ಕು ಕಮ್ಮಿ. ನಾನು ಈ ಶಬ್ದ ಮೊದಲು ಕೇಳಿದ ದಿನ ನನಗೆ ಊಟ ಸೇರ್ಲಿಲ್ಲ. ಅಮ್ಮನ ಭಾಷೆ ಬಾಯಿಯಲ್ಲಿ ಉಳಿದ್ರೆ ಅದನ್ನು ತೊಳೀಬೇಕು ಅಂತ ಹೇಳಿದ ಹಾಗಾಯ್ತಲ್ಲ.

ನನ್ನ ಚಿಕ್ಕಮ್ಮನ ಮೊಮ್ಮಗಳದ್ದು ಹೇಳ್ತೇನೆ, ಹೆಸರು ಬೇಡ. ಹತ್ತನೇವರೆಗೆ ಕನ್ನಡ ಮೀಡಿಯಂ. ಸಿಇಟಿಯಲ್ಲಿ ಗ್ರಾಮೀಣದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5 ಸೀಟು ಇಡ್ತಾರಲ್ಲ, ಆ ಐದರಲ್ಲಿ ಅವಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಮೊದಲ ಸೆಮಿಸ್ಟರು ಅತ್ತದ್ದು ಅತ್ತದ್ದೇ. ಆಮೇಲೆ ಕ್ಲಾಸಿಗೆ ಎರಡನೇಯವಳು. ಬೆಂಗ್ಳೂರಿನ ಒಂದು ಕಂಪೆನಿಯಲ್ಲಿ ಬರೆಯುವ ಪರೀಕ್ಷೆ ಪಾಸು, ಕಂಪ್ಯೂಟರಿನ ಎರಡು ರೌಂಡು ಪಾಸು. ಕೊನೆಯ ರೌಂಡಿನಲ್ಲಿ ಮೂರು ಜನ ಕೂತಿದ್ರಂತೆ, ಹತ್ತು ನಿಮಿಷ ಆದ ಮೇಲೆ ಅವರವರೊಳಗೆ ಹಿಂದಿಯಲ್ಲಿ ಮಾತಾಡಿ ನಗಾಡಿದ್ರಂತೆ. ಇವಳನ್ನು "ಹಿಂದಿ ಬರ್ತದಾ" ಕೇಳಿದ್ರು, ಸ್ವಲ್ಪ ಅಂದ್ಲು. "ನಮ್ಮ ಟೀಮಿನಲ್ಲಿ ಎಲ್ಲರೂ ಹಿಂದಿ, ನಿನಗೆ ಕಷ್ಟ ಆಗಬಹುದು" ಅಂದ್ರು. ಕೆಲ್ಸ ಅಮೇರಿಕದ ಆಸ್ಪತ್ರೆಗಳ ಬಿಲ್ಲಿನ ಪ್ರೋಗ್ರಾಮು ಬರೆಯುದು. ಅದಕ್ಕೂ ಹಿಂದಿಗೂ ಎಂತ ಸಂಬಂಧ? ಮಧ್ಯಾಹ್ನ ಊಟಕ್ಕೆ ಕೂತಾಗ ಪಟ್ಟಾಂಗ ಹೊಡೀಲಿಕ್ಕೆ ಸಂಬಂಧ. ಎರಡು ದಿನ ಬಿಟ್ಟು ಈಮೇಲು ಬಂತು, ಆಗ್ಲಿಲ್ಲ ಅಂತ. ಕಾರಣ ಬರೆದಿರ್ಲಿಲ್ಲ. ಹಿಂದಿ ಬಾರದ್ದಕ್ಕೇ ಅಂತ ಸಾಬೀತು ಮಾಡ್ಲಿಕ್ಕೆ ಅವಳ ಹತ್ರವೂ ಎಂತ ಇಲ್ಲ, ನನ್ನ ಹತ್ರವೂ ಇಲ್ಲ. ಸಂಘದಲ್ಲಿ ಇಲ್ಲ ಅಂದ ಇಬ್ರು ಹೇಳಿದ್ದೂ ಅದೇ, ಸಾಬೀತು ಎಲ್ಲಿ ಉಂಟು ಅಂತ.

ಹಾಗಂತ ನಾವು ಬರೀ ಪೆಟ್ಟು ತಿಂದವರು ಅಂತ ಬರೆದ್ರೆ ಅದು ಅರ್ಧ ಚರಿತ್ರೆ. ಇನ್ನರ್ಧ ಬೊಂಬಾಯಿಯಲ್ಲಿ ಉಂಟು.

ಕಾರ್ಕಳ, ಉಡುಪಿ, ಕಾಪು ಕಡೆಯಲ್ಲಿ ಬೊಂಬಾಯಿಗೆ ಒಬ್ಬರನ್ನೂ ಕಳಿಸದ ಮನೆ ಯಾವುದು ಹೇಳಿ? ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿದ್ದು, ಆದ್ರೆ ಮದ್ರಾಸಿಗಿಂತ ಬೊಂಬಾಯಿಯೇ ನಮಗೆ ಹತ್ರ. ಏಳನೇ ಕ್ಲಾಸು ಬಿಟ್ಟ ಹುಡುಗ್ರು ಹೋಟ್ಲಿಗೆ ಹೋಗಿ ಗ್ಲಾಸು ತೊಳೆದ್ರು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಎಸ್ಸೆಸ್ಸೆಲ್ಸಿ ಮಾಡಿದ್ರು, ಟೈಪಿಂಗ್ ಕಲಿತ್ರು, ಬ್ಯಾಂಕು ಆಫೀಸು ಸೇರಿದ್ರು. ನಮ್ಮೂರಿನ ಎಷ್ಟು ಹಂಚಿನ ಮನೆ ಆ ಮನಿಯಾರ್ಡರಿನಿಂದ ಆದದ್ದು. 1960ರಲ್ಲಿ ಬಾಳ ಠಾಕ್ರೆಯವರು ಮಾರ್ಮಿಕ್ ಅಂತ ವಾರಪತ್ರಿಕೆ ಶುರು ಮಾಡಿದ್ರು. ಅದರಲ್ಲಿ ಟೆಲಿಫೋನ್ ಡೈರೆಕ್ಟರಿ ಇಟ್ಟುಕೊಂಡು, ಯಾವ ಕಂಪೆನಿಯಲ್ಲಿ ದಕ್ಷಿಣದವರು ಎಷ್ಟು ಅಂತ ಹೆಸರಿನ ಪಟ್ಟಿ ಹಾಕ್ತಿದ್ರು. 1966ರ ಜೂನಿನಲ್ಲಿ ಶಿವಸೇನೆ ಆಯ್ತು. "ಲುಂಗಿ ಹಟಾವೋ" ಅಂತ ಕೂಗಿದ್ರು, ಉಡುಪಿ ಹೋಟ್ಲುಗಳಿಗೆ ಕಲ್ಲು ಬಿತ್ತು. ನಮ್ಮ ದೊಡ್ಡಪ್ಪ ಮಾಟುಂಗದ ಹೋಟ್ಲಿನಲ್ಲಿ ಇದ್ದವರು, ಆ ದಿನ ಶಟರ್ ಎಳೆದು ಒಳಗೆ ಅಕ್ಕಿ ಗೋಣಿಯ ಹಿಂದೆ ಕೂತದ್ದನ್ನು ಹೇಳ್ತಿದ್ರು. ಅಲ್ಲಿ ಮರಾಠಿ ಹುಡುಗ್ರು ಕೇಳಿದ್ದು ಎಂತ? ನಮ್ಮ ಊರಿನಲ್ಲಿ ನಮಗೆ ಕೆಲ್ಸ ಇಲ್ಲ, ಹೊರಗಿನವರು ತುಂಬಿಕೊಂಡಿದ್ದಾರೆ. ಮಹಿಷಿ ವರದಿ ಕೇಳಿದ್ದೂ ಹತ್ತಿರ ಹತ್ತಿರ ಅದೇ ಪ್ರಶ್ನೆ. ಒಂದು ಕಡೆ ಕೇಳಿದವರು ನಾವು, ಒಂದು ಕಡೆ ಕಲ್ಲು ತಿಂದವರು ನಾವು.

ಅದಕ್ಕೆ ವ್ಯತ್ಯಾಸ ನೋಡ್ಬೇಕು. ಒಬ್ರು ಲೆಕ್ಕ ಬರೆದು, ಹದಿನೈದು ವರ್ಷ ಇದ್ದು ಭಾಷೆ ಕಲಿತವರೆಲ್ಲ ಒಳಗೆ ಬನ್ನಿ ಅಂದ್ರು. ಇನ್ನೊಬ್ರು ಹೆಸರು ನೋಡಿ ಪಟ್ಟಿ ಮಾಡಿದ್ರು. ಹೆಸರಿನ ಪಟ್ಟಿಯಿಂದ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ, ಎಷ್ಟು ಚಂದ ಮರಾಠಿ ಮಾತಾಡಿದ್ರೂ ಶೆಟ್ಟಿ ಶೆಟ್ಟಿಯೇ. ನಮ್ಮ ಬೆಂಗ್ಳೂರೂ ಪಾಪದ್ದು ಅಂತ ಹೇಳ್ಲಿಕ್ಕಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನೀರಿನ ಗಲಾಟೆಯಾದಾಗ ಅಲ್ಲಿ ಮನೆ ಸುಟ್ಟದ್ದು ಬಡ ತಮಿಳು ಕೂಲಿಯವರದ್ದು. ಕೆಲ್ಸ ಕೊಡುವ ಜಾಗದಲ್ಲಿ ಕೂತವರ ಕೂದಲೂ ಕೊಂಕಲಿಲ್ಲ.

ಗಲ್ಫಿನದ್ದೂ ಹೀಗೇ. 2011ರಲ್ಲಿ ಸೌದಿಯವರು ನಿತಾಕತ್ ಅಂತ ತಂದ್ರಲ್ಲ, ಕಂಪೆನಿಯಲ್ಲಿ ಇಂತಿಷ್ಟು ಸೌದಿಯವರು ಇರಲೇಬೇಕು ಅಂತ. 2013ರಲ್ಲಿ ಅದು ಬಿಗಿ ಆದಾಗ ಕರಾವಳಿಯ ಎಷ್ಟು ಗಂಡಸರು ಸೂಟ್‌ಕೇಸು ಹಿಡಿದು ವಾಪಸ್ ಬಂದ್ರು. ಆಗ ನಾವೆಲ್ಲ ಅದು ಅನ್ಯಾಯ ಅಂದೆವು.

ಭಾಷೆ ಗೊತ್ತಿದ್ದವರನ್ನು ಕೆಲ್ಸಕ್ಕೆ ತೆಗೆದ್ರೆ ಯಾರಿಗೆ ಲಾಭ ಅಂತ ತಿಳೀಬೇಕಾದ್ರೆ ದೂರ ಹೋಗುದು ಬೇಡ, ನಮ್ಮ ಬ್ಯಾಂಕುಗಳನ್ನು ನೋಡಿ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಇವರು ಸೇರಿ ಸಿಂಡಿಕೇಟ್ ಬ್ಯಾಂಕು ಕಟ್ಟಿದ್ರು. 1928ರಲ್ಲಿ ಪಿಗ್ಮಿ ಶುರುವಾಯ್ತು, ದಿನಕ್ಕೆ ಎರಡಾಣೆ. ಏಜೆಂಟು ಮನೆಬಾಗಿಲಿಗೆ ಬಂದು, ಮೀನಿನವರ ಹತ್ರ ತುಳುವಿನಲ್ಲಿ, ಅಂಗಡಿಯವರ ಹತ್ರ ಕೊಂಕಣಿಯಲ್ಲಿ, ಮಾಸ್ಟ್ರ ಹತ್ರ ಕನ್ನಡದಲ್ಲಿ ಮಾತಾಡಿ ದುಡ್ಡು ತೆಗೊಂಡು ಹೋಗ್ತಿದ್ದ. ಅವನ ಬಂಡವಾಳ ಭಾಷೆಯೇ. ಆಗ ಯಾರೂ ಅದನ್ನು ಮೀಸಲಾತಿ ಅಂತ ಹೇಳ್ಲಿಲ್ಲ, ವ್ಯಾಪಾರ ಅಂದ್ರು. ಈಗ ಸಿಂಡಿಕೇಟು 2020ರ ಏಪ್ರಿಲ್ ಒಂದಕ್ಕೆ ಕೆನರಾದೊಳಗೆ ಹೋಯ್ತು, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ವಿಜಯಾ ಅದಕ್ಕೆ ಒಂದು ವರ್ಷ ಮೊದಲೇ ಬರೋಡಾಕ್ಕೆ. ಪರೀಕ್ಷೆ ಇಡೀ ದೇಶಕ್ಕೆ ಒಂದೇ, ಇಂಗ್ಲೀಷ್ ಇಲ್ಲದಿದ್ರೆ ಹಿಂದಿ. ಸುಮಾರು ಕೂಗಿದ ಮೇಲೆ 2019ರಲ್ಲಿ ಗ್ರಾಮೀಣ ಬ್ಯಾಂಕಿನ ಪರೀಕ್ಷೆ 13 ಪ್ರಾದೇಶಿಕ ಭಾಷೆಯಲ್ಲಿ ಅಂತ ಹೇಳಿದ್ರು, 2021ರಲ್ಲಿ ಕ್ಲಾರ್ಕು ಪರೀಕ್ಷೆಗೂ ಹಾಗೇ ಆಗ್ಬೇಕು ಅಂತ ಹಣಕಾಸು ಇಲಾಖೆ ಹೇಳಿತು. ನೋಡಿ, ಕೇಳಿದ್ರೆ ಸ್ವಲ್ಪವಾದ್ರೂ ಆಗ್ತದೆ. ನನ್ನ ಅತ್ತೆ ಪಾಸುಬುಕ್ಕು ಹಿಡ್ಕೊಂಡು ಒಂದು ಬ್ಯಾಂಕಿನ ಕೌಂಟರಿನಲ್ಲಿ ನಿಂತು "ಎಂತ ಹೇಳುದು ಇವ" ಅಂತ ನನ್ನ ಮುಖ ನೋಡುವಾಗ ಪಿಗ್ಮಿಯವನ ನೆನಪಾಗ್ತದೆ.

2024ರ ಜುಲೈ ನಿಮಗೆ ನೆನಪಿರಬಹುದು, ಟಿವಿಯಲ್ಲಿ ಮೂರು ದಿನ ಅದೇ. 15ನೇ ತಾರೀಕಿಗೆ ಸಿದ್ದರಾಮಯ್ಯನವರ ಸಂಪುಟ ಒಂದು ಮಸೂದೆ ಒಪ್ಪಿತು. ಖಾಸಗಿ ಕಂಪೆನಿಯಲ್ಲಿ ಮ್ಯಾನೇಜ್‌ಮೆಂಟ್ ಕೆಲ್ಸದಲ್ಲಿ ನೂರಕ್ಕೆ 50, ಬಾಕಿ ಕೆಲ್ಸದಲ್ಲಿ ನೂರಕ್ಕೆ 70 ಸ್ಥಳೀಯರಿಗೆ. ಸ್ಥಳೀಯರು ಅಂದ್ರೆ ಇಲ್ಲಿ ಹುಟ್ಟಿ, 15 ವರ್ಷ ಇದ್ದು, ಕನ್ನಡ ಮಾತು, ಓದು, ಬರಹ ಬರುವವರು. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಇರ್ಬೇಕು, ಇಲ್ಲದಿದ್ರೆ ಪರೀಕ್ಷೆ ಬರೀಬೇಕು. ಮಹಿಷಿಯವರ ಹದಿನೈದು ವರ್ಷ ಇಲ್ಲಿಯೂ ಉಂಟು, ಆದ್ರೆ "ಇಲ್ಲಿ ಹುಟ್ಟಿ" ಅಂತ ಒಂದು ಶಬ್ದ ಹೊಸತಾಗಿ ಸೇರಿತು. ಬೊಂಬಾಯಿಯಲ್ಲಿ ಹುಟ್ಟಿ ಐದನೇ ಕ್ಲಾಸಿಗೆ ಊರಿಗೆ ಬಂದ ನಮ್ಮ ಮನೆಯ ಮಕ್ಕಳು ಯಾವ ಕಡೆ? ಮರುದಿನ ಮುಖ್ಯಮಂತ್ರಿಗಳು ಸಿ, ಡಿ ದರ್ಜೆ ನೂರಕ್ಕೆ ನೂರು ಅಂತ ಹಾಕಿ, ಮತ್ತೆ ಅದನ್ನು ಅಳಿಸಿದ್ರು. ಕಂಪೆನಿಯವರ ಸಂಘ ನಾಸ್ಕಾಂ, ಇದು ಬೇಡ, ಕಂಪೆನಿಗಳು ಬೇರೆ ಕಡೆ ಹೋಗ್ತವೆ ಅಂತು. ಆಂಧ್ರದ ಮಂತ್ರಿ ನಾರಾ ಲೋಕೇಶ್ ನಮ್ಮಲ್ಲಿಗೆ ಬನ್ನಿ ಅಂತ ಕರೆದೇ ಬಿಟ್ಟರು. 17ನೇ ತಾರೀಕಿನ ರಾತ್ರಿಗೆ ಮಸೂದೆ ತಡೆ ಹಿಡಿದಾಗಿತ್ತು. ಮೂರು ದಿನ ಅಂದ್ರೆ ದೋಸೆ ಹಿಟ್ಟು ಕೂಡ ಅದಕ್ಕಿಂತ ಹೆಚ್ಚು ಇಡ್ಬಹುದು.

ಕಂಪೆನಿಯವರ ಹೆದರಿಕೆ ಬಿಟ್ಟರೂ ಕಾನೂನಿನ ತೊಡಕು ಉಂಟು. ಸಂವಿಧಾನದ 16ನೇ ವಿಧಿ ಪ್ರಕಾರ ಸರ್ಕಾರಿ ಕೆಲ್ಸದಲ್ಲಿ ಹುಟ್ಟಿದ ಊರು ನೋಡಿ ಭೇದ ಮಾಡ್ಲಿಕ್ಕಿಲ್ಲ, ಇಲ್ಲಿ ವಾಸ ಇರ್ಬೇಕು ಅಂತ ನಿಯಮ ಮಾಡ್ಬೇಕಾದ್ರೂ ಅದನ್ನು ಪಾರ್ಲಿಮೆಂಟು ಮಾಡ್ಬೇಕು. ಹರಿಯಾಣದವರು ತಿಂಗಳಿಗೆ 30,000ಕ್ಕಿಂತ ಕಡಿಮೆ ಸಂಬಳದ ಖಾಸಗಿ ಕೆಲ್ಸದಲ್ಲಿ ನೂರಕ್ಕೆ 75 ಸ್ಥಳೀಯರಿಗೆ ಅಂತ ಕಾನೂನು ಮಾಡಿದ್ರು, 2023ರ ನವೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ಅದನ್ನು ಹೊಡೆದು ಹಾಕಿತು. ಹಾಗಾಗಿ ನಾಳೆ ನಮ್ಮ ಮಸೂದೆ ಪಾಸಾದ್ರೂ ಕೋರ್ಟಿನಲ್ಲಿ ನಿಲ್ಲುದು ಕಷ್ಟ. ನೂರಕ್ಕೆ ಇಷ್ಟು ಅಂತ ಲೆಕ್ಕ ಹಾಕುದಕ್ಕಿಂತ, ಆಯ್ಕೆ ಮಾಡುವ ಕೋಣೆಯೊಳಗೆ ಎಂತ ಕೇಳ್ಬಹುದು, ಎಂತ ಕೇಳ್ಬಾರ್ದು ಅಂತ ನಿಯಮ ಮಾಡಿದ್ರೆ ಹೆಚ್ಚು ಉಪಕಾರ ಅಂತ ನನಗೆ ಕಾಣ್ತದೆ. ಕೆಲ್ಸಕ್ಕೆ ಬೇಡದ ಭಾಷೆಯನ್ನು ಕೇಳ್ಬಾರ್ದು. ಆಗ್ಲಿಲ್ಲ ಅಂದ್ರೆ ಕಾರಣ ಬರೆದು ಕೊಡ್ಬೇಕು. ಇದನ್ನು ಕೇಳ್ಲಿಕ್ಕೆ ಯಾವ ಬಾವುಟವೂ ಬೇಡ.

ಮತ್ತೆ, ಸ್ಥಳೀಯರು ಅನ್ನುವಾಗ ನಮ್ಮ ಕಡೆಗೂ ಒಂದು ಕಣ್ಣು ಹಾಕ್ಬೇಕು. ಕಾರ್ಕಳ ಕಡೆಯ ಗೇರುಬೀಜ ಕಾರ್ಖಾನೆಗಳಲ್ಲಿ ನಮ್ಮ ಅಮ್ಮಂದಿರು ಕೈ ಕಪ್ಪು ಮಾಡ್ಕೊಂಡು ಬೀಜ ಸುಲಿದದ್ದು. ಈಗ ಅಲ್ಲಿ ಉತ್ತರದ ರಾಜ್ಯಗಳಿಂದ ಬಂದ ಹೆಣ್ಮಕ್ಕಳು. ಮಲ್ಪೆಯ ಬೋಟಿನಲ್ಲಿ, ಕೆಂಪು ಕಲ್ಲಿನ ಕೋರೆಯಲ್ಲಿ, ತೋಟದಲ್ಲಿ ಎಲ್ಲ ಕಡೆ ಹಾಗೇ. ಅಲ್ಲಿ ನೂರಕ್ಕೆ ನೂರು ನಮಗೆ ಕೊಡಿ ಅಂತ ಯಾರಾದ್ರೂ ಕೇಳಿದ್ದು ಕೇಳಿದ್ದೀರಾ? ಇನ್ನೊಂದು, ಹೈಸ್ಕೂಲಿನಲ್ಲಿ ಮಾರ್ಕು ಹೆಚ್ಚು ಬರ್ತದೆ ಅಂತ ಕನ್ನಡ ಬಿಟ್ಟು ಸಂಸ್ಕೃತ ತೆಗೆಸಿದ ಮನೆಗಳು ನಮ್ಮ ಪೈಕಿಯಲ್ಲೇ ಎಷ್ಟಿಲ್ಲ. ಆ ಮಸೂದೆ ಬಂದಿದ್ರೆ ಆ ಮಕ್ಕಳು ಕನ್ನಡ ಪರೀಕ್ಷೆಗೆ ಕೂರ್ಬೇಕಿತ್ತು, ಅಜೆಕಾರಿನಲ್ಲೇ ಹುಟ್ಟಿ ಬೆಳೆದು.

ಮಣಿಪಾಲದ ಕಡೆಯಲ್ಲೇ ಇದ್ದ ಕೆ.ಪಿ. ರಾವ್ ಅವರ ಹೆಸರು ಕೇಳಿರಬಹುದು, ಕಿನ್ನಿಕಂಬಳ ಪದ್ಮನಾಭ ರಾವ್. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವ ಕೀಲಿಮಣೆಯ ವಿನ್ಯಾಸ ಅವರದ್ದು, ನುಡಿಯಲ್ಲಿ ಇರುವುದೂ ಅದೇ ದಾರಿಯದ್ದು. ಉಡುಪಿಯಲ್ಲಿ 1996ರಲ್ಲಿ ರೋಬೊಸಾಫ್ಟ್ ಶುರುವಾದಾಗ ಇಲ್ಲಿಂದಲೂ ಸಾಫ್ಟ್‌ವೇರ್ ಆಗ್ತದೆ ಅಂತ ಗೊತ್ತಾಯ್ತು. ಚಿಕ್ಕಮ್ಮನ ಮೊಮ್ಮಗಳು ಈಗ ಬೆಂಗ್ಳೂರಿನಲ್ಲೇ ಬೇರೆ ಕಡೆ ಕೆಲ್ಸದಲ್ಲಿದ್ದಾಳೆ. ಫೋನಿನಲ್ಲಿ ಕನ್ನಡ ಮಾತಾಡಿದ್ರೆ ಫೋನು ಅರ್ಥ ಮಾಡ್ಕೊಳ್ಬೇಕಲ್ಲ, ಆ ಕೆಲ್ಸವಂತೆ. ಅವಳ ಟೀಮಿನಲ್ಲಿ ಎಂಟು ಜನ, ಕನ್ನಡ ಬರುವವಳು ಇವಳೊಬ್ಬಳೇ, ಹಾಗಾಗಿ ಎಲ್ಲದಕ್ಕೂ ಇವಳನ್ನೇ ಕರೀತಾರಂತೆ. ನಮ್ಮ ಕಡೆಯವರು "ಹೋಗುದು, ಬರುದು" ಅಂತ ಮಾತಾಡಿದ್ದು ಫೋನಿಗೆ ಅರ್ಥ ಆಗುದಿಲ್ಲ, ದೊಡ್ಡಮ್ಮ, ಸ್ವಲ್ಪ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ ಅಂತ ಹೇಳಿದ್ದಾಳೆ. ನೀವೂ ಯಾರಾದ್ರೂ ಕೊಡುದಾದ್ರೆ ನನಗೆ ಹೇಳಿ. ಎಂತ ಮಾತಾಡಿದ್ರೂ ಆಗ್ತದಂತೆ, ಪತ್ರೊಡೆ ಮಾಡುದು ಹೇಗೆ ಅಂತ ಹೇಳಿದ್ರೂ ಸಾಕು.